ಐದು ಲೀಟರ್ ಶೇಂಗಾ ಎಣ್ಣೆ

ಮೆಲ್ಬರ್ನ್‌ನಿಂದ ಕೊರಿಯರ್‌ನಲ್ಲಿ ಬಂದ ಪೆಟ್ಟಿಗೆಯನ್ನು ಬಿಚ್ಚಿದ್ದು ನವೋಮಿಯೇ. ಒಳಗಿದ್ದ ಎಂಟು ಬಟ್ಟಲಿನ ಹಿತ್ತಾಳೆಯ ದೀಪವನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಹಾಗೇ ನಿಂತುಬಿಟ್ಟಳು. ಸೊಸೆ ಹಾಗೆ ನಿಲ್ಲುವವಳಲ್ಲ. ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಕೆಲಸ, ಎರಡು ಮಕ್ಕಳು, ಸಿಡ್ನಿಯ ಕೆಲ್ಲಿವಿಲ್‌ನ ಆ ದೊಡ್ಡ ಮನೆ. ನಿಂತರೆ ನಡೆಯುವ ಸಂಸಾರವಲ್ಲ ಅದು. ರೊಟ್ಟಿ ಬಡಿಯುತ್ತಿದ್ದ ಗೌರಕ್ಕ ಹಿಟ್ಟಿನ ಕೈಯಲ್ಲೇ ಬಂದು ಇಣುಕಿದಳು.

"ಏನವಾ ಇದು? ದೀಪಾನ?"

"ನಮ್ಮ ಅಜ್ಜನ ದೀಪ, ಅತ್ತೀ," ಅಂದಳು ನವೋಮಿ.

ನವೋಮಿಗೆ ಬರುವ ಕನ್ನಡ ‘ಅತ್ತಿ’, ‘ಸಾಕ್ರಿ’, ‘ಊಟ ಆತ್ರಿ?’ ಇಷ್ಟೇ. ಉಳಿದದ್ದೆಲ್ಲ ಇಂಗ್ಲಿಷು. ಧಾರವಾಡದ ಪ್ರಾಥಮಿಕ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಪಾಠ ಹೇಳಿದ ಗೌರಕ್ಕನಿಗೆ ಇಂಗ್ಲಿಷು ತಿಳಿಯುತ್ತಿತ್ತು, ತಿರುಗಿ ಆಡುವಾಗ ಮಾತ್ರ ನಾಲಿಗೆ ತಡವರಿಸುತ್ತಿತ್ತು. ಅವಳು ಅವಳ ಭಾಷೆಯಲ್ಲಿ, ಇವಳು ಇವಳ ಭಾಷೆಯಲ್ಲಿ ಮಾತಾಡಿಕೊಂಡು ಎರಡು ತಿಂಗಳಿಂದ ಒಂದೇ ಒಲೆಯ ಮುಂದೆ ಚೆನ್ನಾಗಿಯೇ ಹೊಂದಿಕೊಂಡಿದ್ದರು.

ಕಥೆ ಹೀಗಿತ್ತು. ನವೋಮಿಯ ತಾಯಿ ಈವಾ ಯಹೂದಿ, ತಂದೆ ಗ್ರಹಾಂ ಕ್ರೈಸ್ತ. ಮೆಲ್ಬರ್ನ್‌ನ ಆ ಮನೆಯಲ್ಲಿ ಡಿಸೆಂಬರ್ ಬಂತೆಂದರೆ ಹೆಂಡತಿಯ ಹನೂಕಾ ಹಬ್ಬದ ದೀಪ, ಗಂಡನ ಕ್ರಿಸ್‌ಮಸ್ ಮರ, ಎರಡೂ. ಗ್ರಹಾಂ ತೀರಿಕೊಂಡು ಮೂರು ವರ್ಷವಾಗಿತ್ತು. ಆ ವರ್ಷ ನವೋಮಿ, "ಅಪ್ಪ ಇಲ್ಲದ ಮನೆ ನೋಡೋಕಾಗಲ್ಲ, ಈ ಸಲ ಕ್ರಿಸ್‌ಮಸ್‌ಗೆ ಬರಲ್ಲ" ಅಂದಿದ್ದಳು. ಈವಾ, "ನಾನು ದಿನಾ ಅದೇ ಮನೇನ ನೋಡ್ತಿಲ್ಲವಾ?" ಅಂದು ಫೋನ್ ಇಟ್ಟಿದ್ದಳು. ಅಂದಿನಿಂದ ತಾಯಿ ಮಗಳ ನಡುವೆ ಹುಟ್ಟುಹಬ್ಬಕ್ಕೊಂದು ಮೆಸೇಜು, ಅಷ್ಟೇ. ಇದು ಗೌರಕ್ಕನಿಗೆ ಮಗ ಗುರುಬಸವ ಹೇಳಿದ್ದು. ಹೇಳಿ, "ಆಕಿ ಮುಂದ ಆ ವಿಷಯ ತೆಗೀಬ್ಯಾಡ" ಅಂತ ಎಚ್ಚರಿಕೆಯನ್ನೂ ಕೊಟ್ಟಿದ್ದ.

ಪೆಟ್ಟಿಗೆಯಲ್ಲಿ ಒಂದು ಚೀಟಿಯಿತ್ತು. ಪ್ರೀತಿಯ ಅಂತಿಲ್ಲ, ಹೇಗಿದ್ದೀಯ ಅಂತಿಲ್ಲ. ನವೋಮಿ ಓದಿದಳು: "ನಾನು ಚಿಕ್ಕ ಮನೆಗೆ ಹೋಗುತ್ತಿದ್ದೇನೆ. ಇದು ಮಕ್ಕಳಿಗೆ ಇರಲಿ. ಸೂರ್ಯ ಮುಳುಗಿದ ಮೇಲೆ ಹಚ್ಚಬೇಕು. ಮೊದಲ ದಿನ ಒಂದು, ಎರಡನೇ ದಿನ ಎರಡು, ಹೀಗೆ ಎಂಟು ದಿನ. ಹಚ್ಚಿದ ಮೇಲೆ ಆರಿಸಬಾರದು." ಜೊತೆಗೆ ಒಂದು ಸಣ್ಣ ಬಾಟಲಿ ಆಲಿವ್ ಎಣ್ಣೆ, ಎಂಟು ದಿನಕ್ಕೆ ಸರಿಯಾಗಿ ಅಳೆದದ್ದು.

ಸೂರ್ಯ ಮುಳುಗಿದ ಮೇಲೆ ಅನ್ನುವುದೇ ಮೊದಲ ಜಗಳವಾಯಿತು. ಡಿಸೆಂಬರ್‌ನಲ್ಲಿ ಸಿಡ್ನಿಯ ಸೂರ್ಯ ಎಂಟಾದರೂ ಆಕಾಶ ಬಿಡುವುದಿಲ್ಲ. ಮಕ್ಕಳ ಮಲಗುವ ಹೊತ್ತು ಏಳೂವರೆ. ಅದನ್ನು ಗೋಡೆಗೆ ಬರೆದು ಅಂಟಿಸಿದವಳು ನವೋಮಿಯೇ. ನಾಲ್ಕು ವರ್ಷದ ಇಶಾನ್ ಸೋಫಾದ ಮೇಲೆ ತೂಕಡಿಸುತ್ತಿದ್ದ. ಏಳು ವರ್ಷದ ಆದ್ಯಾ ಕಿಟಕಿಯಿಂದ ಸೂರ್ಯನನ್ನು ಬೈಯುತ್ತಿದ್ದಳು.

"ಪರದೆ ಎಳದರ ಕತ್ತಲಾಗತೈತಿ. ಹಚ್ಚಿ ಮಲಗಸ್ರಿ ಅತ್ಲಾಗ," ಅಂದ ಬಾಳಪ್ಪ. ವಿದ್ಯುತ್ ಇಲಾಖೆಯಲ್ಲಿ ದುಡಿದು ನಿವೃತ್ತನಾದ ಗೌರಕ್ಕನ ಗಂಡನಿಗೆ ಬೆಳಕು ಕತ್ತಲೆಯ ವಿಷಯದಲ್ಲಿ ತನ್ನ ಮಾತೇ ಕೊನೆಯದು ಅಂತ ನಂಬಿಕೆ.

"ಅಪ್ಪಾ, ನೀವು ಸುಮ್ನಿರ್ರಿ," ಅಂದ ಗುರುಬಸವ. ಚಾಟ್ಸ್‌ವುಡ್‌ನ ಆಫೀಸಿನಿಂದ ಮೆಟ್ರೋದಲ್ಲಿ ನಿಂತೇ ಬಂದು ಅವನಿಗೆ ಸಾಕಾಗಿತ್ತು.

ಎಂಟೂ ಕಾಲಿಗೆ ದೀಪ ಹಚ್ಚಿದರು. ಎಷ್ಟೋ ಹಳೆಯ ಕಾಲದಲ್ಲಿ ಒಂದು ದೇವಾಲಯವಿತ್ತು, ಅಲ್ಲಿ ಒಂದೇ ದಿನಕ್ಕಾಗುವಷ್ಟು ಎಣ್ಣೆ ಸಿಕ್ಕಿತು, ಅದು ಎಂಟು ದಿನ ಉರಿಯಿತು ಅಂತ ನವೋಮಿ ಕಥೆ ಹೇಳಿದಳು. ಹಾಲ್‌ನ ಇನ್ನೊಂದು ಮೂಲೆಯಲ್ಲಿ ಪ್ಲಾಸ್ಟಿಕ್ಕಿನ ಕ್ರಿಸ್‌ಮಸ್ ಮರ ಬಣ್ಣದ ಬಲ್ಬು ಮಿಣುಕಿಸುತ್ತಿತ್ತು. ಅದರ ಕೆಳಗೆ ಇಶಾನ್ ಸಾಂಟಾಗೆ ಬರೆಸಿದ ಕಾಗದ. ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದ ಗೌರಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಆದರೆ ಅವಳ ಕಣ್ಣು ಕಥೆಯ ಮೇಲಿರಲಿಲ್ಲ, ಬಟ್ಟಲ ಮೇಲಿತ್ತು. ಎಣ್ಣೆ ತೀರ ಕಮ್ಮಿ ಹಾಕ್ಯಾರಲ್ಲ ಅಂತ.

ಎಲ್ಲರೂ ಮಲಗಿದರು. ಹೆಸರುಕಾಳು ನೆನೆಹಾಕಲು ಬಂದ ಗೌರಕ್ಕ ನೋಡಿದರೆ ದೀಪ ಕುಗ್ಗುತ್ತಿತ್ತು. ಅವಳು ಹುಟ್ಟಿದ ಮನೆಯಲ್ಲಾಗಲಿ ಸೇರಿದ ಮನೆಯಲ್ಲಾಗಲಿ ದೇವರಿಗೆ ಹಚ್ಚಿದ ದೀಪ ತಾನಾಗಿ ಆರಬಾರದು. ಹೊತ್ತಾದ ಮೇಲೆ ಹೂವಿನಿಂದ ಮುಟ್ಟಿ ಶಾಂತ ಮಾಡಬೇಕು. ಆದರೆ ಬೀಗತಿಯ ಚೀಟಿಯಲ್ಲಿ ಆರಿಸಬಾರದು ಅಂತ ಬರೆದಿದೆ. ಶಾಂತ ಮಾಡುವಂತಿಲ್ಲ, ಆರಲು ಬಿಡುವಂತೆಯೂ ಇಲ್ಲ. ಉಳಿದದ್ದು ಒಂದೇ ದಾರಿ. ಈವಾ ಅಳೆದು ಕಳಿಸಿದ ಎಣ್ಣೆಯನ್ನು ಮುಟ್ಟುವುದು ಬೇಡವೆಂದು ಸಿಂಕಿನ ಕೆಳಗಿದ್ದ ಶೇಂಗಾ ಎಣ್ಣೆಯ ಕ್ಯಾನ್ ತೆಗೆದು ಎರಡು ಚಮಚ ಹಾಕಿದಳು. ನಡುರಾತ್ರಿ ಬಚ್ಚಲಿಗೆ ಎದ್ದಾಗ ಇನ್ನೆರಡು. ಐದಕ್ಕೆ ಪೂಜೆಗೆ ಎದ್ದಾಗ ಇನ್ನೆರಡು. ಪವಾಡದ ಯೋಚನೆ ಅವಳ ತಲೆಯಲ್ಲಿ ಸಾಸಿವೆಯಷ್ಟೂ ಇರಲಿಲ್ಲ.

ಬೆಳಿಗ್ಗೆ ಆದ್ಯಾ ಕಿರುಚಿದ್ದಕ್ಕೆ ಬಾಳಪ್ಪನ ಕೈಯ ಚಹಾ ಚೆಲ್ಲಿತು.

"ಮಮ್ಮಿ! ಇಟ್ಸ್ ಸ್ಟಿಲ್ ಬರ್ನಿಂಗ್! ದ ಮಿರಕಲ್!"

ನವೋಮಿ ಒದ್ದೆ ಕೂದಲಲ್ಲೇ ಓಡಿ ಬಂದಳು. ನೋಡಿದಳು. ನೋಡಿದವಳೇ ಫೋನ್ ತೆಗೆದುಕೊಂಡು ಮೂರು ವರ್ಷದಿಂದ ಒತ್ತದ ನಂಬರು ಒತ್ತಿದಳು. "ಅಮ್ಮಾ, ಅಜ್ಜನ ದೀಪ ಇನ್ನೂ ಉರೀತಿದೆ," ಅಂದಳು, ಅಷ್ಟರಲ್ಲಿ ಅಳು ಬಂತು. ಆ ಕಡೆಯಿಂದ ಏನು ಬಂತೋ, ನವೋಮಿ ಗ್ಯಾರೇಜಿಗೆ ಹೋಗಿ ಬಾಗಿಲು ಹಾಕಿಕೊಂಡು ಮುಕ್ಕಾಲು ಗಂಟೆ ಮಾತಾಡಿದಳು. ಆಸ್ಪತ್ರೆಗೂ ತಡವಾಯಿತು.

ಗೌರಕ್ಕ ಚಮಚ ಹಿಡಿದು ನಿಂತೇ ಇದ್ದಳು. ಈಗ ಹೇಳಲೇ, ಆಮೇಲೆ ಹೇಳಲೇ ಅನ್ನುವಷ್ಟರಲ್ಲಿ ಹೇಳುವ ಹೊತ್ತು ದಾಟಿ ಹೋಗಿತ್ತು.

ಮಾರನೆಯ ಬೆಳಿಗ್ಗೆ ಏಳಕ್ಕೆ ಈವಾಳೇ ಫೋನ್ ಮಾಡಿದಳು. "ಇನ್ನೂ ಉರೀತಿದೆಯಾ?" ಅದರ ಮಾರನೆಯ ದಿನವೂ ಏಳಕ್ಕೆ, ಅದೇ ಪ್ರಶ್ನೆ. ಪ್ರಶ್ನೆ ಒಂದೇ ಸಾಲಿನದು. ಮಾತು ಅರ್ಧ ಗಂಟೆಯದು. ಮಂಡಿನೋವು, ಮನೆ ಖಾಲಿ ಮಾಡುವ ರಗಳೆ, ಗ್ರಹಾಂನ ಅಂಗಿಗಳನ್ನು ಯಾರಿಗೆ ಕೊಡುವುದು. ನಾಲ್ಕನೆಯ ದಿನ ಈವಾ, "ಕ್ರಿಸ್‌ಮಸ್‌ಗೆ ಬನ್ನಿ. ಆ ಮನೆಯಲ್ಲಿ ಇದೇ ಕೊನೇ ಸಲ. ದೀಪಾನೂ ತನ್ನಿ, ಒಂದು ಸಲ ನೋಡಬೇಕು," ಅಂದಳು. ನವೋಮಿ ಹೂಂ ಅಂದಳು. ಅವತ್ತು ಸಂಜೆ ಆಲೂಗಡ್ಡೆ ತುರಿದು ಎಣ್ಣೆಯಲ್ಲಿ ಕರಿಯುವ ತಾಯಿಯ ಮನೆಯ ತಿಂಡಿ ಮಾಡಿದಳು. ಗೌರಕ್ಕನಿಗೆಂದು ಮೊಟ್ಟೆ ಬಿಟ್ಟು ಕಡಲೆಹಿಟ್ಟು ಹಾಕಿದ್ದಳು. ಕರಿಯುವಾಗ ಏನೋ ಗುನುಗುತ್ತಿದ್ದಳು. ಮದುವೆಯಾಗಿ ಒಂಬತ್ತು ವರ್ಷವಾದ ಗಂಡನೂ ಅದನ್ನು ಕೇಳಿರಲಿಲ್ಲವಂತೆ.

ಹೀಗಾಗಿ ಗೌರಕ್ಕ ಎಣ್ಣೆ ಹಾಕುವುದನ್ನು ಬಿಡಲಿಲ್ಲ. ಬಿಡುವುದು ಹೇಗೆ? ರಾತ್ರಿ ಹನ್ನೊಂದು, ಎರಡು, ಐದು. ಬಟ್ಟಲು ದಿನಕ್ಕೊಂದು ಹೆಚ್ಚುತ್ತಿತ್ತು. ಐದನೆಯ ದಿನ ಕ್ಯಾನ್ ಬಗ್ಗಿಸಿದರೆ ತಳದಲ್ಲಿ ಎರಡು ಬೆರಳು ಎಣ್ಣೆ. ಇನ್ನು ಕೇಳಬೇಕಾಗುತ್ತದೆ, ಕೇಳಿದರೆ ಗುಟ್ಟು ರಟ್ಟಾಗುತ್ತದೆ ಅಂತ ಹೆದರಿದಳು. ಆರನೆಯ ದಿನ ನೋಡಿದರೆ ಅದೇ ಜಾಗದಲ್ಲಿ ಸೀಲು ಒಡೆಯದ ಹೊಸ ಐದು ಲೀಟರ್ ಕ್ಯಾನ್. ಮಗ ತಂದಿಟ್ಟಿರಬೇಕು, ಇಂಡಿಯನ್ ಅಂಗಡಿಗೆ ಹೋಗುವವನು ಅವನೇ ಅಂದುಕೊಂಡು ಸೀಲು ಕಿತ್ತಳು.

ಏಳನೆಯ ದಿನ ಒಲೆಯ ಮುಂದೆ ನಿಂತೇ ನಿದ್ದೆ ಹೋದಳು. ಹಂಚಿನ ಮೇಲಿದ್ದ ರೊಟ್ಟಿ ಸೀದು, ಹೊಗೆಗೆ ಸೂರಿನ ಅಲಾರಂ ಕೂಗಿಕೊಂಡಿತು. ಗುರುಬಸವ ಕುರ್ಚಿ ಹತ್ತಿ ಟವೆಲ್ ಬೀಸಿ ಅದನ್ನು ಸುಮ್ಮನಾಗಿಸಿದ.

"ಯವ್ವಾ, ಆರಾಮಿಲ್ಲೇನು? ಡಾಕ್ಟರ್ ಕಡೆ ಹೋಗೂಣೇನು?"

"ಆಕಿಗೇನಾಗೇತಿ?" ಬಾಳಪ್ಪನ ತಾಳ್ಮೆ ಕಿತ್ತುಹೋಯಿತು. "ರಾತ್ರಿ ಮೂರು ಸಲ ಎದ್ದು ದೀಪಕ್ಕ ಎಣ್ಣಿ ಹಾಕತಾಳ. ಮೂವತ್ತೈದು ವರ್ಷ ನೌಕರಿ ಮಾಡಿದವ ನಾನು, ನನಗೂ ಇಷ್ಟು ನೈಟ್ ಡ್ಯೂಟಿ ಇರಲಿಲ್ಲ!"

ಗುರುಬಸವ ಕುರ್ಚಿಯ ಮೇಲೇ ನಿಂತ. "ಅಂದ್ರ ಆ ಮಿರಕಲ್... ಯವ್ವಾ! ನೀನಾ?"

"ಮತ್ತ ದೀಪ ತಾನಾ ಉರೀತೈತೇನು? ಇಂಜಿನಿಯರ್ ಆಗಿ ಅಷ್ಟೂ ತಿಳೀಲಿಲ್ಲ ನಿನಗ?"

"ಇದು ಸುಳ್ಳು ಹೇಳಿದಂಗಾತು."

"ನಾ ಏನೂ ಹೇಳಿಲ್ಲಪಾ. ಹೇಳಿದಾವರು ನೀವು." ಗೌರಕ್ಕನಿಗೂ ಸಿಟ್ಟು ಬಂತು. "ಒಂದು ತಿಂಗಳಾತು, ಕೆಂಪಂಗಿ ಮುದುಕಪ್ಪ ಬರ್ತಾನ, ಉಡುಗೊರಿ ಕೊಡ್ತಾನ ಅಂತ ಹುಡುಗೂರಿಗೆ ಹೇಳಾಕತ್ತೀರಿ. ಉಡುಗೊರಿ ನೋಡಿದರ ನಿನ್ನ ಕಾರಿನ ಡಿಕ್ಕಿಯೊಳಗ ಅದಾವ. ಅದು ಸುಳ್ಳಲ್ಲ, ನಾ ಎರಡು ಚಮಚ ಎಣ್ಣಿ ಹಾಕಿದ್ದು ಸುಳ್ಳು?"

ಗುರುಬಸವ ಕುರ್ಚಿಯಿಂದ ಇಳಿದು ದನಿ ತಗ್ಗಿಸಿ, "ನವೋಮಿಗೆ ಹೇಳಬ್ಯಾಡ್ರಿ ಇಬ್ರೂ. ಆಕಿ ಈಗ ಆಕಿ ಅವ್ವನ ಜೋಡಿ ನಗಾಕತ್ತಾಳ. ಇದು ಗೊತ್ತಾದರ ಎಲ್ಲಾ ಹಾಳಾಗತೈತಿ," ಅಂದ.

ಎಂಟನೆಯ ದಿನ ಎಂಟು ದೀಪವೂ ಉರಿದವು. ಹಬ್ಬ ಮುಗಿಯಿತು, ಗೌರಕ್ಕ ಎರಡು ದಿನ ಹೊತ್ತುಗೊತ್ತಿಲ್ಲದೆ ಮಲಗಿದಳು. ಅಲ್ಲಿಗೆ ಎಲ್ಲ ಮುಗಿಯಿತು ಅಂದುಕೊಂಡಿದ್ದಳು.

ಶಾಲೆ ಮುಚ್ಚುವ ವಾರ ಆದ್ಯಾ ಕಣ್ಣು ಕೆಂಪಗೆ ಮಾಡಿಕೊಂಡು ಬಂದಳು. ಬ್ಯಾಗು ಎಸೆದಳು, ಕೊಟ್ಟ ಉಂಡಿಯನ್ನು ಮುಟ್ಟಲಿಲ್ಲ. ತರಗತಿಯಲ್ಲಿ ದೀಪದ ಸುದ್ದಿ ಹೇಳಿದ್ದಳಂತೆ. ಪ್ರಣತಿ ಅನ್ನುವ ಗೆಳತಿ ಎಲ್ಲರೆದುರು ‘ಲಯರ್’ ಅಂದಳಂತೆ. ಇವಳು ಅವಳನ್ನು ನೂಕಿದಳಂತೆ. ಟೀಚರ್ ಇವಳಿಂದಲೇ ಸಾರಿ ಹೇಳಿಸಿದರಂತೆ.

"ಆಯಿ, ಯು ಸಾ ಇಟ್, ರೈಟ್?" ಮಕ್ಕಳಿಗೆ ಗೌರಕ್ಕ ‘ಆಯಿ’, ಮೆಲ್ಬರ್ನ್ ಅಜ್ಜಿ ‘ನ್ಯಾನಾ’. "ಟೆಲ್ ಹರ್ ಮಮ್ಮಿ ಇಟ್ ವಾಸ್ ರಿಯಲ್. ಪ್ಲೀಸ್."

ಸುಳ್ಳು ಹೇಳಿದ್ದಕ್ಕೆ ಎಷ್ಟು ಮಕ್ಕಳ ಅಂಗೈ ಮುಂದೆ ಮಾಡಿಸಿರಲಿಲ್ಲ ಗೌರಕ್ಕ! ಈಗ ಈ ಕೂಸು ತನ್ನ ಮೇಲೆ ನಂಬಿಕೆಯಿಟ್ಟು ಬೈಸಿಕೊಂಡು ಬಂದಿದೆ. ಅವಳಿಗೆ ನಾಚಿಕೆಯಾಯಿತು. ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸಿಂಕಿನ ಕೆಳಗಿನ ಕ್ಯಾನ್ ತೋರಿಸಿ, ಇದ್ದದ್ದು ಇದ್ದಹಾಗೆ ಹೇಳಿದಳು.

ಆದ್ಯಾ ಅಳಲಿಲ್ಲ. ಎದ್ದು ಹೋದಳು. ಎರಡು ದಿನ ಆಯಿಯ ಕೈತುತ್ತು ಬೇಡ, ಜಡೆ ಬೇಡ, ಮಾತು ಬೇಡ. ಮೂರನೆಯ ದಿನ ತಾನಾಗಿ ಬಂದು ನಿಂತಳು.

"ಯು ಹ್ಯಾವ್ ಟು ಟೆಲ್ ನ್ಯಾನಾ. ಶಿ ಬಿಲೀವ್ಸ್ ಇಟ್ ಟೂ."

"ಹೇಳ್ತೇನವಾ. ನಿನ್ನ ಮುಂದನ ಹೇಳ್ತೇನಿ."

"ಪ್ರಾಮಿಸ್?"

"ಬಸವಣ್ಣನಾಣಿ."

ಮಗನಿಗೆ ಇದನ್ನು ತಿಳಿಸಿದಾಗ ಅವನು ತಲೆಯ ಮೇಲೆ ಕೈ ಹೊತ್ತ. "ಕ್ರಿಸ್‌ಮಸ್ ಮುಗೀಲಿ ಯವ್ವಾ. ಊಟ ಮಾಡಿ ಕಾರು ಹತ್ತುವಾಗ ಹೇಳು."

"ಅಂದ್ರ ನಾವು ಊಟ ಮಾಡಿ ಓಡಿ ಬರೂದು, ಆಕಿ ಒಬ್ಬಾಕೀನ ಕುಂತು ಅಳೂದು. ಹೌದಲ್ಲ?" ಅಂದಳು ಗೌರಕ್ಕ.

ಇಪ್ಪತ್ನಾಲ್ಕರ ನಸುಕಿನಲ್ಲಿ ಆರು ಜನ ದೊಡ್ಡ ಕಾರಿನಲ್ಲಿ ಹೊರಟರು. ಹತ್ತು ಗಂಟೆಯ ದಾರಿ. ಖಟಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು ತುಂಬಿದ ಡಬ್ಬಿ ಬಾಳಪ್ಪನ ಕಾಲ ಬಳಿ. ಗೌರಕ್ಕನ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿದ ದೀಪ ಅವಳ ತೊಡೆಯ ಮೇಲೆ. ದಾರಿಯಲ್ಲಿ ಆಲ್ಬರಿ ಅನ್ನುವ ಊರಿನಲ್ಲಿ ನಿಲ್ಲಿಸಿ ಮರದ ಕೆಳಗೆ ಊಟ ಮಾಡುವಾಗಲೂ ಅದನ್ನು ಕೆಳಗಿಡಲಿಲ್ಲ.

ಈವಾ ಬಾಗಿಲಲ್ಲೇ ನಿಂತಿದ್ದಳು. ಎಪ್ಪತ್ತನಾಲ್ಕು ವರ್ಷ, ಸಣ್ಣ ಆಳು, ನೆಟ್ಟಗಿನ ಬೆನ್ನು. ಮಗಳನ್ನು ಅಪ್ಪಿಕೊಂಡು ಬಹಳ ಹೊತ್ತು ಬಿಡಲಿಲ್ಲ. ಅರ್ಧ ಮನೆ ಆಗಲೇ ಪೆಟ್ಟಿಗೆಗಳಲ್ಲಿ ಸೇರಿತ್ತು. ಗ್ರಹಾಂನ ಮರ ಮಾತ್ರ ಕಿಟಕಿಯ ಹತ್ತಿರ ಪೂರ್ತಿ ಅಲಂಕಾರದಲ್ಲಿ ನಿಂತಿತ್ತು. "ಅವನು ಮೂವತ್ತೊಂದು ವರ್ಷ ನಮ್ಮಪ್ಪನ ದೀಪದ ಮುಂದೆ ನಿಂತ. ನಾನು ಅವನ ಮರ ಬಿಡೋದು ಹೇಗೆ?" ಅಂದಳು ಬಾಳಪ್ಪನಿಗೆ. ಅವನಿಗೆ ಇಂಗ್ಲಿಷು ಅರ್ಧ ತಿಳಿಯಿತು, ಆದರೂ ಪೂರ್ತಿ ತಲೆಯಾಡಿಸಿದ.

ಮಾರನೆಯ ಬೆಳಿಗ್ಗೆ ಇಶಾನ್ ಮರದ ಕೆಳಗಿನ ಉಡುಗೊರೆಗಳ ಕಾಗದ ಹರಿದು ರಾಶಿ ಹಾಕುತ್ತಿದ್ದ. ಅವನಪ್ಪ ಮತ್ತು ಅಜ್ಜ ಅವನ ಹೊಸ ರೈಲನ್ನು ತಾವೇ ಓಡಿಸುತ್ತಿದ್ದರು. ಅಡುಗೆಮನೆಯಲ್ಲಿ ಈವಾ ಸೀರೆಯ ಗಂಟು ಬಿಚ್ಚಿ ದೀಪ ಹೊರತೆಗೆದಳು. ಬಟ್ಟಲೊಂದರಲ್ಲಿ ಬೆರಳಾಡಿಸಿ ಮೂಸಿದಳು. ಫ್ರಿಜ್ಜಿನ ಪಕ್ಕದಲ್ಲಿ ಆದ್ಯಾ ನಿಂತಿದ್ದಳು, ಆಯಿಯ ಮುಖವನ್ನೇ ನೋಡುತ್ತ.

ಗೌರಕ್ಕ ಬಾಯಿ ತೆರೆಯುವ ಮೊದಲೇ ಈವಾ ಮಾತಾಡಿದಳು. ಗೌರಕ್ಕನಿಗೆ ತಿಳಿಯಲೆಂದು ಒಂದೊಂದೇ ಮಾತು, ನಿಧಾನವಾಗಿ.

"ಇದು ಆಲಿವ್ ಎಣ್ಣೆ ಅಲ್ಲ. ನಿಮ್ಮ ಮನೆ ಎಣ್ಣೆ. ನನಗೆ ಮೊದಲ ದಿನವೇ ಗೊತ್ತಾಯಿತು. ಈ ಬಟ್ಟಲು ಮೂರು ಗಂಟೆಗಿಂತ ಹೆಚ್ಚು ಉರಿಯೋದಿಲ್ಲ, ಹುಟ್ಟಿದಾಗಿನಿಂದ ನೋಡಿದ್ದೇನೆ." ಅವಳು ನಕ್ಕಳು. "ನವೋಮಿ ಚಿಕ್ಕವಳಿದ್ದಾಗ ದೀಪ ಆರುವಾಗ ಅಳುತ್ತಿದ್ದಳು. ಅಮ್ಮಾ, ಇನ್ನೊಂಚೂರು ಹಾಕು ಅಂತ. ನಾನು ಹಾಕುತ್ತಿರಲಿಲ್ಲ. ಈಗ ನೋಡಿ, ರಾತ್ರಿಯೆಲ್ಲ ಎದ್ದು ತಾನೇ ಹಾಕಿ, ಬೆಳಿಗ್ಗೆ ನನಗೆ ಫೋನ್ ಮಾಡಿ ಪವಾಡ ಅಂದಳು. ಸಾರಿ ಅಂದಿದ್ದರೆ ನಾನು ಇಷ್ಟು ಬೇಗ ಕರಗುತ್ತಿರಲಿಲ್ಲ."

ಗೌರಕ್ಕನಿಗೆ ಈಗ ತಿಳಿಯಿತು. ಇವಳು ಮಗಳಿಗಾಗಿ ಬಾಗಿಲು ತೆರೆದದ್ದು ಮಗಳು ಎಣ್ಣೆ ಹಾಕಿದಳೆಂದು. ಹೌದು ಅಂದುಬಿಟ್ಟರೆ ಎಲ್ಲರಿಗೂ ಸುಖ. ಆದರೆ ಫ್ರಿಜ್ಜಿನ ಪಕ್ಕದ ಆ ಎರಡು ಕಣ್ಣು ಅಲ್ಲಾಡಲಿಲ್ಲ.

"ನಾಟ್ ನವೋಮಿ," ಅಂದಳು ಗೌರಕ್ಕ. "ಮೀ."

"ನೀವಾ?"

"ನಾನು. ಎವ್ರಿ ನೈಟ್."

ಈವಾ ದೀಪವನ್ನು ಕಟ್ಟೆಯ ಮೇಲಿಟ್ಟಳು. "ಓ," ಅಂದಳು. ಅಷ್ಟೇ. ನಲ್ಲಿ ತಿರುವಿ, ಎಣ್ಣೆ ಹತ್ತಿದ ಒಂದು ಬೆರಳನ್ನು ಸೋಪು ಹಚ್ಚಿ ಮೂರು ಸಲ ತೊಳೆದಳು. ಆ ನೆಟ್ಟಗಿನ ಬೆನ್ನು ಸ್ವಲ್ಪ ಬಾಗಿದ್ದನ್ನು ಗೌರಕ್ಕ ನೋಡಿದಳು. ಎಂಟು ರಾತ್ರಿ ನಿದ್ದೆಗೆಟ್ಟು ಗಳಿಸಿದ್ದನ್ನು ಎರಡು ಮಾತಿನಲ್ಲಿ ಕಳೆದೆನಲ್ಲ ಅಂತ ಅವಳ ಕಣ್ಣಲ್ಲಿ ನೀರು ಬಂತು.

"ಎರಡನೇ ಕ್ಯಾನ್ ತಂದಿದ್ದು ಯಾರು ಅಂತ ಕೇಳಿ, ಅತ್ತೀ."

ಬಾಗಿಲಲ್ಲಿ ನವೋಮಿ. ಕೈಯಲ್ಲಿ ಸುಲಿದ ಆಲೂಗಡ್ಡೆ, ಈರುಳ್ಳಿಯ ಪಾತ್ರೆ.

"ಗುರು ತಂದಾನಲ್ಲ?"

"ಗುರು ಎಣ್ಣೆ ತೀರಿದ್ದನ್ನ ನೋಡೋ ಗಂಡಸಾ?" ನವೋಮಿ ಪಾತ್ರೆ ಕೆಳಗಿಟ್ಟಳು. "ಮೊದಲ ದಿನ ನಾನು ನಿಜವಾಗಲೂ ನಂಬಿದೆ ಅಮ್ಮಾ. ಎರಡನೇ ರಾತ್ರಿ ನೀರು ಕುಡಿಯೋಕೆ ಎದ್ದೆ. ಇವರು ಕತ್ತಲಲ್ಲಿ ಏನೋ ಮಂತ್ರ ಹೇಳಿಕೊಂಡು ಚಮಚದಲ್ಲಿ ಎಣ್ಣೆ ಹಾಕ್ತಿದ್ದರು. ನಾನು ವಾಪಸ್ ಹೋಗಿ ಮಲಗಿದೆ. ಬೆಳಿಗ್ಗೆ ಏಳಕ್ಕೆ ನೀನು ಫೋನ್ ಮಾಡಿದೆ. ಅದು ನಿಲ್ಲೋದು ನನಗೆ ಬೇಕಿರಲಿಲ್ಲ. ಐದನೇ ದಿನ ಕ್ಯಾನ್ ಖಾಲಿಯಾಗ್ತಾ ಬಂದಿತ್ತು. ಆಸ್ಪತ್ರೆಯಿಂದ ಬರ್ತಾ ಇಂಡಿಯನ್ ಅಂಗಡಿಗೆ ಹೋಗಿ ಅದೇ ಬ್ರ್ಯಾಂಡ್ ಹುಡುಕಿ ತಂದಿಟ್ಟೆ."

"ನನಗೊಂದು ಮಾತು ಹೇಳಬಾರದಿತ್ತೇನು?" ಗೌರಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಗದರಿದಳು.

ಕನ್ನಡ ಅರ್ಥವಾಗದಿದ್ದರೂ ಗದರಿದ್ದು ನವೋಮಿಗೆ ಅರ್ಥವಾಯಿತು. "ಹೇಳಿದ್ದರೆ ನೀವು ನಿಲ್ಲಿಸ್ತಿದ್ದಿರಿ," ಅಂದಳು.

"ಮಮ್ಮಿ! ಯು ನ್ಯೂ?" ಆದ್ಯಾಳ ದನಿ ಸೂರಿಗೆ ಮುಟ್ಟಿತು. "ಐ ಪುಶ್ಡ್ ಪ್ರಣತಿ ಫಾರ್ ನಥಿಂಗ್!" ಅಷ್ಟೂ ದಿನದ ಸಿಟ್ಟು ಆಯಿಯ ಮೇಲಿಂದ ಎದ್ದು ತಾಯಿಯ ಮೇಲೆ ಕೂತಿತು. ನವೋಮಿ ಮಗಳ ಮುಂದೆ ಮಂಡಿಯೂರಿ, ತನ್ನದು ತಪ್ಪಾಯಿತು ಅಂತ ನೆಟ್ಟಗೆ ಹೇಳಿದಳು. ಆದ್ಯಾ ಎಲ್ಲವನ್ನೂ ಕೇಳಿ, ಹಾಲ್‌ನ ಕಡೆ ನೋಡಿ, ಕಣ್ಣು ಕಿರಿದು ಮಾಡಿ, "ಆಂಡ್ ಸಾಂಟಾ?" ಅಂದಳು.

ಮೂರು ಹೆಂಗಸರೂ ಆಲೂಗಡ್ಡೆಯ ಪಾತ್ರೆಗೆ ಒಟ್ಟಿಗೆ ಕೈ ಹಾಕಿದರು.

"ಅದನ್ನ ನಿಮ್ಮಪ್ಪನ್ನ ಕೇಳು ಹೋಗವಾ," ಅಂದಳು ಗೌರಕ್ಕ. ಆದ್ಯಾ ಹೋದಳು. ಹಾಲ್‌ನಲ್ಲಿ ರೈಲಿನ ಸದ್ದು ನಿಂತಿತು.

ಈವಾ ತುರಿಯುವ ಮಣೆ ತೆಗೆದುಕೊಂಡು ಒಂದು ಆಲೂಗಡ್ಡೆ ತುರಿದಳು, ಒಂದು ಈರುಳ್ಳಿ ತುರಿದಳು. ಮಗಳ ಕಡೆ ನೋಡದೆಯೇ ಕೇಳಿದಳು.

"ಆ ಎರಡನೇ ಕ್ಯಾನ್‌ನಲ್ಲಿ ಏನಾದರೂ ಉಳಿದಿದೆಯಾ?"

"ಅರ್ಧ ಇದೆ," ಅಂದಳು ನವೋಮಿ.

"ಮುಗಿಸಬೇಡಿ. ಹೊಸ ಮನೆಯ ಬೀಗದ ಕೈ ಸಿಗೋದು ಫೆಬ್ರವರಿಗೆ. ಅಲ್ಲಿಯವರೆಗೆ ನಾನು ಸಿಡ್ನಿಯಲ್ಲಿ ನಿಮ್ಮ ಜೊತೆ ಇರ್ತೀನಿ," ಅಂದಳು ಈವಾ. ಆಮೇಲೆ ಗೌರಕ್ಕನ ಕಡೆ ತಿರುಗಿ, ಕಣ್ಣೀರಿಗೋ ಈರುಳ್ಳಿಗೋ ಮೂಗು ಒರೆಸಿಕೊಂಡು, ನವೋಮಿ ತಂದಿದ್ದ ಕಡಲೆಹಿಟ್ಟಿನ ಡಬ್ಬಿ ಮುಂದೆ ತಳ್ಳಿದಳು. "ಮೊಟ್ಟೆ ಬದಲು ಎಷ್ಟು ಹಾಕಬೇಕು ಅಂತ ತೋರಿಸಿ."